ಎಸ್ಸೆಸ್ಸೆಲ್ಸಿಗೂ ಪಿಯುಸಿಗೂ ನಡುವಿನ ಆ ಎರಡು ತಿಂಗಳು
ಹಾವೇರಿ ಜಿಲ್ಲಾ ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ‘ಜೀವಕ್ರಿಯೆಗಳು’ ಎಂಬ ಪಾಠವಿದೆ. ಹಾನಗಲ್ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯ ಹುಡುಗಿ ಪೆನ್ಸಿಲ್ ಹಿಡಿದು ಹೃದಯದ ಚಿತ್ರ ಬರೆಯುತ್ತಾಳೆ. ಹೃತ್ಕರ್ಣ, ಹೃತ್ಕುಕ್ಷಿ, ಅಪಧಮನಿ, ಅಭಿಧಮನಿ ಎಂದು ಒಂದೊಂದೇ ಭಾಗ ಗುರುತಿಸುತ್ತಾಳೆ. ಬೇಸಿಗೆ ಕಳೆದು ಪಿಯು ವಿಜ್ಞಾನಕ್ಕೆ ಸೇರಿದರೆ ಅದೇ ಹೃದಯದಲ್ಲಿ ಏಟ್ರಿಯಂ, ವೆಂಟ್ರಿಕಲ್, ಆರ್ಟರಿ, ವೇನ್ ಇರುತ್ತವೆ. ಪಾಠ ಗೊತ್ತಿದೆ, ಹೆಸರು ಗೊತ್ತಿಲ್ಲ. ತನಗೇನೂ ಬರುವುದಿಲ್ಲ ಎಂದು ಅವಳು ನಂಬುವುದು ಇಲ್ಲಿಂದಲೇ. ಎಷ್ಟೋ ಮಕ್ಕಳು ಈ ಅಂಜಿಕೆಗೇ ವಿಜ್ಞಾನದ ಅರ್ಜಿ ತುಂಬುವುದಿಲ್ಲ.

ವೈದ್ಯಕೀಯ ಓದಿಗೆ ದಾರಿ ಇಲ್ಲವೆಂದಲ್ಲ. ಹಾವೇರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2022ರಲ್ಲಿ 150 ಎಂಬಿಬಿಎಸ್ ಸೀಟುಗಳೊಂದಿಗೆ ಶುರುವಾಯಿತು. ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲೂ ಬರೆಯಬಹುದು. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ರಾಜ್ಯದ ಸರ್ಕಾರಿ ಸೀಟುಗಳಲ್ಲಿ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಈ ಹಕ್ಕು ದಕ್ಕುವುದು ಹತ್ತನೇ ತರಗತಿ ಮುಗಿಸಿದಾಗ. ವಿಜ್ಞಾನ ಬಿಟ್ಟವರಿಗೆ ಅದು ಕೈತಪ್ಪುವುದೂ ಅದೇ ಬೇಸಿಗೆಯಲ್ಲಿ.

ಅಪ್ಪ ಅವ್ವ ಗೋವಿನಜೋಳದ ಹೊಲಕ್ಕೆ ಕೂಲಿಗೆ ಹೋಗುವ ಮನೆಯಲ್ಲಿ ಆಸ್ಪತ್ರೆಯ ಕೆಲಸವೆಂದರೆ ಡಾಕ್ಟರು, ನರ್ಸು ಎರಡೇ. ರಕ್ತ ಪರೀಕ್ಷಿಸುವವರು, ಎಕ್ಸ್‌ರೇ ತೆಗೆಯುವವರು, ಡಯಾಲಿಸಿಸ್ ಯಂತ್ರ ನಡೆಸುವವರು ಏನು ಓದಿ ಅಲ್ಲಿಗೆ ಬಂದರೆಂದು ಮಕ್ಕಳಿಗೆ ಹೇಳಿದವರಿಲ್ಲ. ಅರೆವೈದ್ಯಕೀಯ ಡಿಪ್ಲೊಮಾಗಳಿಗೆ ಎಸ್ಸೆಸ್ಸೆಲ್ಸಿ ಪಾಸಾದವರೂ ಸೇರಬಹುದೆಂಬ ಸುದ್ದಿ ಊರು ಮುಟ್ಟುವಷ್ಟರಲ್ಲಿ ಅರ್ಜಿಯ ಕೊನೆಯ ದಿನ ಕಳೆದಿರುತ್ತದೆ.

ಸರ್ಕಾರಿ ಶಾಲೆಯಲ್ಲಿ ಓದಿ ನೀಟ್ ಪಾಸಾದವರಿಗೆ ತಮಿಳುನಾಡು 2020ರಲ್ಲಿ ಕಾನೂನು ಮಾಡಿ ಶೇ 7.5 ವೈದ್ಯಕೀಯ ಸೀಟು ಮೀಸಲಿಟ್ಟಿತು. ಅಂಥ ಕಾನೂನು ತಮ್ಮೊಬ್ಬರ ಕೈಯಲ್ಲಿಲ್ಲ. ಜಿಲ್ಲೆಯೊಳಗೇ ಆಗುವ ಕೆಲಸಗಳು ಮೂರಿವೆ.

ಮೊದಲನೆಯದು, ಸೇತುಬಂಧ. ಶಾಲೆಗಳಲ್ಲಿ ಜೂನ್ ಬಂದರೆ ಹಿಂದಿನ ವರ್ಷದ ಪಾಠ ನೆನಪಿಸುವ ಸೇತುಬಂಧ ನಡೆಯುವುದು ಎಲ್ಲರಿಗೂ ಗೊತ್ತು. ಅದನ್ನೇ ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಏಪ್ರಿಲ್–ಮೇ ತಿಂಗಳಲ್ಲಿ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಲ್ಲಿ ನಡೆಸಬೇಕು. ಅಪಧಮನಿಯೇ ಆರ್ಟರಿ ಎಂದು ತಿಳಿಯಲು ಅಷ್ಟು ದಿನ ಸಾಕು.

ಎರಡನೆಯದು, ಒಂಬತ್ತನೇ ತರಗತಿಯ ಮಕ್ಕಳಿಗೆ ವೈದ್ಯಕೀಯ ಕಾಲೇಜಿನಲ್ಲಿ ಒಂದು ದಿನ. ಸೂಕ್ಷ್ಮದರ್ಶಕದಡಿ ತಮ್ಮದೇ ರಕ್ತದ ಹನಿ ನೋಡಲಿ, ಲ್ಯಾಬ್ ಟೆಕ್ನಿಷಿಯನ್ನರ ಬಾಯಿಂದಲೇ ಅವರ ಓದಿನ ಕಥೆ ಕೇಳಲಿ. 2023ರ ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಬಸ್ ಖರ್ಚೂ ಇಲ್ಲ.

ಮೂರನೆಯದು, ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರ. ಬಿಇಒ ಸಹಿಗಾಗಿ ಅಲೆದು ಪಾಲಕರು ಕೂಲಿ ಕಳೆದುಕೊಳ್ಳಬಾರದು. ಅಂಕಪಟ್ಟಿಯ ಜೊತೆಗೇ ಅದು ಶಾಲೆಯಲ್ಲಿ ಕೈಗೆ ಸಿಗಲಿ.

ಮುಂದಿನ ಕೆಡಿಪಿ ಸಭೆಗೆ ಡಿಡಿಪಿಐ, ಪದವಿಪೂರ್ವ ಶಿಕ್ಷಣ ಇಲಾಖೆಯ ಉಪನಿರ್ದೇಶಕರು ಮತ್ತು ವೈದ್ಯಕೀಯ ಕಾಲೇಜಿನ ನಿರ್ದೇಶಕರನ್ನು ಕರೆಸಿ, ಮೂವರನ್ನೂ ಒಟ್ಟಿಗೆ ಕೂರಿಸಿ. ಸೇತುಬಂಧ ಯಾವ ಊರಿನ ಯಾವ ಕಾಲೇಜಿನಲ್ಲಿ, ಏಪ್ರಿಲ್ ಯಾವ ತಾರೀಖಿಗೆ ಶುರು ಎಂಬುದನ್ನು ಅಂದೇ ನಡಾವಳಿಯಲ್ಲಿ ಬರೆಸಿ.