ಬೆಕ್ಕಿಗೆ ನಮ್ಮ ಜ್ವರದ ಗುಳಿಗಿ ಬ್ಯಾಡ್ರಿ

ಅಕ್ಕಾರ, ವೈನ್ಯಾರ, ಖಡಾಖಡಿ ಹೇಳ್ತೀನಿ. ಬೆಕ್ಕು ಮಂಕಾಗಿ ಮೂಲಿ ಹಿಡಿದು ಕೂತ್ರ, ಡಬ್ಬಿಯೊಳಗಿನ ಪ್ಯಾರಾಸಿಟಮಾಲ್ ಅರ್ಧ ಮುರದು ಹಾಲಿನ್ಯಾಗ ಹಾಕೋದು ಔಷಧ ಅಲ್ಲ, ವಿಷ. ನಮ್ಮ ಲಿವರ್ ಅದನ್ನ ಅರಗಿಸಿ ಹೊರಗ ಹಾಕತದ. ಬೆಕ್ಕಿನ ಲಿವರಿಗೆ ಆ ಶಕ್ತಿ ಭಾಳ ಕಡಿಮಿ. ರಕ್ತ ಕಂದಾಗಿ ಉಸಿರು ಸಾಲಂಗಿಲ್ಲ, ಮಾರಿಗೆ ಬಾವು ಬರತದ. 500 ಮಿಲಿಗ್ರಾಂದು ಒಂದ ಗುಳಿಗಿ ಸಾಕು, ಜೀವ ಹೋಗಬಹುದು. ನಾಯಿಗೆ ಐಬುಪ್ರೊಫೆನ್ ಕೊಟ್ರ ಹೊಟ್ಟ್ಯಾಗ ಹುಣ್ಣು.

ಆಕಳಕ ಡಾಕ್ಟರನ್ನ ಕರಸೋರು ಬೆಕ್ಕಿಗೆ ಯಾಕ ಹಿಂದ ಮುಂದ ನೋಡ್ತೀರಿ? ಹಾಲು ಕೊಡಂಗಿಲ್ಲಂತನಾ? ದನದ ದವಾಖಾನಿ ಅಂತ ಹೆಸರಿಟ್ಟವ್ರು ನಾವ. ಅಲ್ಲಿ ನಾಯಿ, ಬೆಕ್ಕೂ ನೋಡ್ತಾರ.

ಗುಳಿಗಿ ಹೊಟ್ಟಿಗೆ ಹೋಗಿದ್ರ ಉಪ್ಪುನೀರು ಕುಡಿಸಿ ವಾಂತಿ ಮಾಡಸಬ್ಯಾಡ್ರಿ. ಗುಳಿಗಿ ಪಾಕೀಟು ಹಿಡಕೊಂಡು ಲಗೂನ ಹೋಗ್ರಿ, ಎಷ್ಟೊತ್ತಿಗೆ ಎಷ್ಟು ಕೊಟ್ಟೀರಿ ಅನ್ನೋದು ಖರೇ ಹೇಳ್ರಿ.