ಟೇಪಿನ ಧೂಳು ಒರೆಸುವುದು ಬೇರೆ, ಹಾಡನ್ನೇ ತಿದ್ದುವುದು ಬೇರೆ

ಬೀಟಲ್ಸ್ ತಂಡದ 'ರಿವಾಲ್ವರ್' ಆಲ್ಬಂ ಕೇಳಬೇಕು ಎಂದು ಯಾರಾದರೂ ಹೇಳಿದರೆ ಈಗ ನಾವು ತಿರುಗಿ ಕೇಳಬೇಕಾಗುತ್ತದೆ: ಯಾವ 'ರಿವಾಲ್ವರ್'? 1966ರ ಮೊನೊ ಇದೆ. ಅದೇ ವರ್ಷದ ಸ್ಟೀರಿಯೊ ಇದೆ. ಅಮೆರಿಕದ ಕಂಪೆನಿ 14 ಹಾಡುಗಳಲ್ಲಿ 3ನ್ನು ಕಿತ್ತು 11 ಹಾಡುಗಳ ತಟ್ಟೆ ಮಾಡಿ ಮಾರಿದ್ದೂ ಇದೆ. ಆಮೇಲೆ 1987ರ ಸಿ.ಡಿ., 2009ರ ರಿಮಾಸ್ಟರ್, 2022ರ ರಿಮಿಕ್ಸ್. ಹೆಸರು ಒಂದೇ, ಮುಖಚಿತ್ರವೂ ಹೆಚ್ಚುಕಡಿಮೆ ಒಂದೇ. ಒಳಗಿನ ಸದ್ದು ಮಾತ್ರ ಒಂದೇ ಅಲ್ಲ.

ಕನ್ನಡ ಮಾಸ್ತರರಿಗೆ ಈ ಇಂಗ್ಲಿಷ್ ಹಾಡಿನ ಉಸಾಬರಿ ಯಾಕೆ ಎಂದು ಕೇಳುವವರು ಕೇಳಲಿ. ಹಳಗನ್ನಡ ಕಾವ್ಯ ಪಾಠ ಮಾಡುವವರಿಗೆ ಇದು ಚೆನ್ನಾಗಿ ಗೊತ್ತಿರುವ ಪ್ರಶ್ನೆಯೇ. ಒಂದು ಕೃತಿಗೆ ಹತ್ತು ಓಲೆಪ್ರತಿ ಸಿಕ್ಕಿದಾಗ ಯಾವುದು ಮೂಲ ಪಾಠ, ಯಾವುದು ಪಾಠಾಂತರ? ಬೀಟಲ್ಸ್ ವಿಷಯದಲ್ಲೂ ಜಗಳ ಇರುವುದು ಅಲ್ಲಿಯೇ.

ಮೊದಲು ಎರಡು ಶಬ್ದಗಳನ್ನು ಬಿಡಿಸಿಕೊಳ್ಳೋಣ. ಇವೆರಡನ್ನೂ ಒಂದೇ ಎಂದು ತಿಳಿದು ಬರೆಯುವವರೇ ಹೆಚ್ಚು. ಹಾಡು ಮಿಕ್ಸ್ ಆಗಿ ಮುಗಿದ ಟೇಪನ್ನು ತೆಗೆದು, ಶುಚಿ ಮಾಡಿ, ಒಳ್ಳೆಯ ಯಂತ್ರದಿಂದ ಹೊಸದಾಗಿ ನಕಲಿಳಿಸಿ, ಏರುತಗ್ಗು ಸ್ವಲ್ಪ ಸರಿಮಾಡಿದರೆ ಅದು ರಿಮಾಸ್ಟರ್. ಹಳೆಯ ಪುಸ್ತಕವನ್ನು ಅಕ್ಷರ ಬದಲಿಸದೆ ಒಳ್ಳೆಯ ಕಾಗದದ ಮೇಲೆ ಮರುಮುದ್ರಿಸಿದ ಹಾಗೆ. ರಿಮಿಕ್ಸ್ ಹಾಗಲ್ಲ. ಅಲ್ಲಿ ಮಿಕ್ಸ್ ಆಗುವುದಕ್ಕೂ ಮೊದಲಿನ ಬಿಡಿ ಟೇಪುಗಳಿಗೆ ಹೋಗಿ, ಡ್ರಮ್ಮು ಎಲ್ಲಿರಬೇಕು, ಧ್ವನಿ ಎಷ್ಟು ಮುಂದೆ ಬರಬೇಕು ಎಂಬುದನ್ನೆಲ್ಲ ಇಂದಿನವರು ಹೊಸದಾಗಿ ತೀರ್ಮಾನಿಸುತ್ತಾರೆ.

2009ರ ಸೆಪ್ಟೆಂಬರ್ 9ರಂದು ಬಂದದ್ದು ಮೊದಲನೆಯ ಜಾತಿಯ ಕೆಲಸ. ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದ ಎಂಜಿನಿಯರರು ಅದಕ್ಕೆ ಸುಮಾರು 4 ವರ್ಷ ಹಿಡಿದರು. ಒಟ್ಟು 525 ನಿಮಿಷಗಳ ಸಂಗೀತದಲ್ಲಿ ಗದ್ದಲ ಕಳೆಯುವ ತಂತ್ರ ಬಳಸಿದ್ದು 5 ನಿಮಿಷಕ್ಕೂ ಕಡಿಮೆ. ಕೈಯಲ್ಲಿ ಕೆಂಪು ಪೆನ್ನಿದ್ದರೂ ಗೀಚದೆ ಕೂತ ಆ ಸಂಯಮ ನಮಗೆ ಬಹಳ ಹಿಡಿಸಿತು. ಮಾಸ್ತರರಿಗೇ ಅದು ಕಷ್ಟ!

ಆದರೆ ಮೂಲ ಯಾವುದು ಎಂಬ ಪ್ರಶ್ನೆ ಅಷ್ಟಕ್ಕೆ ತೀರುವುದಿಲ್ಲ. 1960ರ ದಶಕದ ಹೆಚ್ಚಿನ ಭಾಗದಲ್ಲಿ ಇಂಗ್ಲೆಂಡಿನ ಸಾಮಾನ್ಯ ಮನೆಗಳಲ್ಲಿ ಇದ್ದದ್ದು ಒಂದೇ ಸ್ಪೀಕರಿನ ಪೆಟ್ಟಿಗೆ. ಹಾಗಾಗಿ ತಂಡದವರೂ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರೂ ತಲೆ ಕೊಟ್ಟು ಕೂತದ್ದು ಮೊನೊ ಮಿಕ್ಸಿಗೆ. 1967ರ 'ಸಾರ್ಜೆಂಟ್ ಪೆಪ್ಪರ್' ಆಲ್ಬಂನ ಮೊನೊ ಮಿಕ್ಸ್ ತಂಡದವರ ಎದುರಿಗೇ ನಡೆಯಿತು. ಸ್ಟೀರಿಯೊ ಮಿಕ್ಸನ್ನು ಅವರಿಲ್ಲದೆ ಬೇಗ ಬೇಗ ಮುಗಿಸಿದರು. ಆದರೂ ಮುಂದಿನ ಹಲವು ದಶಕ ಜಗತ್ತು ಕೇಳಿದ್ದು ಆ ಅವಸರದ ಸ್ಟೀರಿಯೊವನ್ನೇ. 2009ರಲ್ಲಿ ಮೊನೊ ಸಿ.ಡಿ.ಗಳನ್ನೂ ಹೊರತಂದರು, ಆದರೆ ಬಿಡಿಯಾಗಿ ಮಾರಲಿಲ್ಲ. ಇಡೀ ಪೆಟ್ಟಿಗೆಯನ್ನೇ ಕೊಳ್ಳಬೇಕಿತ್ತು. ತಂಡದವರೇ ಕೂತು ಒಪ್ಪಿದ ಪಾಠ ದುಬಾರಿ, ಅವರು ಕೂರದ ಪಾಠ ಅಗ್ಗ. ಇದು ಎಲ್ಲಿಯ ನ್ಯಾಯ, ನೀವೇ ಹೇಳಿ.

ಹಳೆಯ ಸ್ಟೀರಿಯೊ ಕೆಲವು ಕಡೆ ಎಷ್ಟು ಒಡ್ಡೊಡ್ಡಾಗಿದೆ ಎಂಬುದಕ್ಕೆ 1963ರ 'ಪ್ಲೀಸ್ ಪ್ಲೀಸ್ ಮಿ' ಸಾಕು. ಅದರ ಹೆಚ್ಚಿನ ಹಾಡುಗಳನ್ನು ಫೆಬ್ರವರಿ 11ರ ಒಂದೇ ದಿನದಲ್ಲಿ ಎರಡು ಟ್ರ್ಯಾಕಿನ ಟೇಪಿನಲ್ಲಿ ಹಿಡಿದರು. ಒಂದು ಟ್ರ್ಯಾಕಿಗೆ ವಾದ್ಯ, ಇನ್ನೊಂದಕ್ಕೆ ಧ್ವನಿ. ಮೊನೊ ಮಾಡುವಾಗ ಎರಡನ್ನೂ ಹದವಾಗಿ ಬೆರೆಸಲು ಅನುಕೂಲವಾಗಲಿ ಎಂದು ಮಾಡಿದ ಏರ್ಪಾಡು ಅದು. ಅದನ್ನೇ ಹಾಗೆ ಸ್ಟೀರಿಯೊ ಎಂದು ಕೊಟ್ಟಾಗ ವಾದ್ಯವೆಲ್ಲ ಎಡಕ್ಕೆ, ಹಾಡುಗಾರಿಕೆ ಬಲಕ್ಕೆ. ಒಂದೇ ಬೆಂಚಿನ ಇಬ್ಬರು ಮಕ್ಕಳು ಒಂದು ಇಯರ್‌ಫೋನನ್ನು ಹಂಚಿಕೊಂಡರೆ ಒಬ್ಬನಿಗೆ ಹೆಚ್ಚುಕಡಿಮೆ ಬರೀ ಹಿಮ್ಮೇಳ, ಇನ್ನೊಬ್ಬನಿಗೆ ಬರೀ ಹಾಡು.

ಆದ್ದರಿಂದ ರಿಮಿಕ್ಸ್ ಮಾಡಲೇಬಾರದು ಎಂಬ ಮಡಿವಂತಿಕೆ ನಮ್ಮದಲ್ಲ. ಜಾರ್ಜ್ ಮಾರ್ಟಿನ್ ಅವರ ಮಗ ಜೈಲ್ಸ್ ಮಾರ್ಟಿನ್ 2017ರಲ್ಲಿ 'ಸಾರ್ಜೆಂಟ್ ಪೆಪ್ಪರ್' ರಿಮಿಕ್ಸ್ ಮಾಡಿದಾಗ ಹಳೆಯ ಮೊನೊವನ್ನೇ ಮೇಲ್ಪಂಕ್ತಿ ಮಾಡಿಕೊಂಡರು. ಆ ಆಲ್ಬಂ ತಯಾರಾದದ್ದು ನಾಲ್ಕು ಟ್ರ್ಯಾಕಿನ ಯಂತ್ರದಲ್ಲಿ. ನಾಲ್ಕೂ ತುಂಬಿದರೆ ಅವನ್ನು ಬೆರೆಸಿ ಇನ್ನೊಂದು ಟೇಪಿನ ಒಂದೋ ಎರಡೋ ಟ್ರ್ಯಾಕಿಗೆ ಇಳಿಸಿ, ಖಾಲಿಯಾದ ಜಾಗದಲ್ಲಿ ಮತ್ತೆ ಹಾಡುತ್ತಿದ್ದರು. ಹೀಗೆ ಇಳಿಸಿದಂತೆಲ್ಲ ಸದ್ದು ಮಂಕಾಗುತ್ತದೆ. 2017ರಲ್ಲಿ ಇಳಿಸುವುದಕ್ಕೆ ಮೊದಲಿನ ಟೇಪುಗಳಿಗೇ ಹೋದ ಕಾರಣ ಡ್ರಮ್ಮಿನ ಪೆಟ್ಟು, ಬೇಸ್ ಗಿಟಾರಿನ ತುಂಬು ಎಲ್ಲ ಹತ್ತಿರ ಬಂತು. ಇದು ಒಳ್ಳೆಯ ಸಂಪಾದನೆ ಎಂದೇ ನಮ್ಮ ಅಭಿಪ್ರಾಯ.

'ರಿವಾಲ್ವರ್' ಕತೆ ಬೇರೆ. ಅದರ 'ಟ್ಯಾಕ್ಸ್‌ಮ್ಯಾನ್' ಹಾಡಿನಲ್ಲಿ ಡ್ರಮ್ಸ್, ಬೇಸ್, ಗಿಟಾರ್ ಮೂರೂ ಒಂದೇ ಟ್ರ್ಯಾಕಿನಲ್ಲಿ ಕೂತಿವೆ. ನಮ್ಮ ಬಯಲಾಟವನ್ನು ಒಂದೇ ಮೈಕಿನಲ್ಲಿ ಧ್ವನಿಮುದ್ರಿಸಿದ ಕ್ಯಾಸೆಟ್ಟಿನಿಂದ ಭಾಗವತರ ಕಂಠ, ಚೆಂಡೆ, ಮದ್ದಳೆಗಳನ್ನು ಬೇರೆ ಬೇರೆ ತೆಗೆಯಿರಿ ಎಂದರೆ ಹೇಗೋ ಹಾಗೆ. ಅದು ಆಗದ ಮಾತು ಎಂದೇ ಎಲ್ಲರೂ ಇದ್ದರು. ಪೀಟರ್ ಜಾಕ್ಸನ್ ಅವರ ನ್ಯೂಜಿಲೆಂಡಿನ ತಂಡ 2021ರ 'ಗೆಟ್ ಬ್ಯಾಕ್' ಸಾಕ್ಷ್ಯಚಿತ್ರಕ್ಕೆಂದು ಕಂಪ್ಯೂಟರಿಗೆ ಒಂದೊಂದು ವಾದ್ಯದ ದನಿಯ ಗುರುತು ಕಲಿಸಿ, ಬೆರೆತದ್ದನ್ನು ಬೇರ್ಪಡಿಸುವ ವಿಧಾನ ಕಂಡುಹಿಡಿಯಿತು. 2022ರ 'ರಿವಾಲ್ವರ್' ಬಂದದ್ದು ಅದರಿಂದ. 2023ರ 'ನೌ ಆ್ಯಂಡ್ ದೆನ್' ಕೂಡ. ಜಾನ್ ಲೆನನ್ ಮನೆಯಲ್ಲಿ ಪಿಯಾನೊ ನುಡಿಸುತ್ತ ಕ್ಯಾಸೆಟ್ಟಿನಲ್ಲಿ ಹಾಡಿಟ್ಟಿದ್ದ ಕಂಠವನ್ನು ಬಿಡಿಸಿ ತೆಗೆದ ಹಾಡು ಅದು. ಅದರ ಬಗ್ಗೆ ನಮಗೆ ತಕರಾರಿಲ್ಲ, ಯಾವ ಹಳೆಯ ಪಾಠವನ್ನೂ ಅದು ತಳ್ಳಲಿಲ್ಲ.

ತಕರಾರು ಇರುವುದು ಹೆಸರಿನ ವಿಷಯದಲ್ಲಿ. ಬೀಟಲ್ಸನ್ನು ಹೊಸದಾಗಿ ಕೇಳುವವರು ಬಹುಮಟ್ಟಿಗೆ ಶುರುಮಾಡುವುದು 1973ರ 'ಕೆಂಪು' ಮತ್ತು 'ನೀಲಿ' ಸಂಕಲನಗಳಿಂದ. 2023ರಲ್ಲಿ ಇವೆರಡನ್ನೂ ಮತ್ತೆ ತಂದಾಗ 26 ಹಾಡಿದ್ದ ಕೆಂಪು 38ಕ್ಕೆ, 28 ಇದ್ದ ನೀಲಿ 37ಕ್ಕೆ ಏರುವಷ್ಟು ಹಾಡು ಸೇರಿಸಿದರು. ಸೇರಿಸಲಿ, ಬೇಡವೆನ್ನುವುದಿಲ್ಲ. ಆದರೆ ಹಳೆಯ ಹಾಡುಗಳಲ್ಲೂ ಎಷ್ಟೋ ಹೊಸ ಮಿಕ್ಸ್ ಆಗಿವೆ. ಹೊದಿಕೆ ಮಾತ್ರ ಅದೇ. ಮೊದಲ ಬಾರಿ ಕೇಳುವ ಹುಡುಗಿ 1963ರಲ್ಲಿ ಹೀಗೆಯೇ ಕೇಳುತ್ತಿತ್ತು ಎಂದು ನಂಬಿದರೆ ತಪ್ಪು ಅವಳದಲ್ಲ.

ಇದಕ್ಕೆ ಹೋಲಿಸಿದರೆ 2003ರ 'ಲೆಟ್ ಇಟ್ ಬಿ... ನೇಕೆಡ್' ಎಷ್ಟೋ ಪ್ರಾಮಾಣಿಕ. 1970ರ ಮೂಲ ಆಲ್ಬಂನಲ್ಲಿ ಫಿಲ್ ಸ್ಪೆಕ್ಟರ್ ಪಿಟೀಲುಗಳ ಮೇಳ, ಹೆಂಗಸರ ಗಾಯನವೃಂದ ಎಲ್ಲ ತುಂಬಿದ್ದು ಪಾಲ್ ಮೆಕಾರ್ಟ್ನಿಗೆ ಸಹಿಸಿರಲಿಲ್ಲ. ಹೊಸತರಲ್ಲಿ ಅದನ್ನು ತೆಗೆದರು, ಎರಡು ತುಣುಕು ಹಾಡುಗಳನ್ನು ಬಿಟ್ಟರು, 'ಡೋಂಟ್ ಲೆಟ್ ಮಿ ಡೌನ್' ಸೇರಿಸಿದರು. ಆದರೆ ಬೇರೆ ಹೆಸರು ಕೊಟ್ಟರು. ಹಳೆಯದು ಹಳೆಯದಾಗಿಯೇ ಉಳಿಯಿತು. ನಮಗೆ ಸ್ಪೆಕ್ಟರನ ಅಬ್ಬರವೂ ಪೂರ್ತಿ ಬೇಡವೆನಿಸಿಲ್ಲ, ಅದು ಬೇರೆ ಮಾತು.

ಮರುಮುದ್ರಣದಲ್ಲಿ ಸದ್ದಿಗಿಂತ ಮೊದಲು ತಿದ್ದಬೇಕಾದದ್ದು ಇನ್ನೊಂದಿದೆ. 'ರಿವಾಲ್ವರ್'ನ 'ಲವ್ ಯು ಟು' ಹಾಡಿಗೆ ತಬಲಾ ನುಡಿಸಿದ ಅನಿಲ್ ಭಾಗವತ್ ಹೆಸರು 1966ರ ಹೊದಿಕೆಯಲ್ಲೇ ಅಚ್ಚಾಗಿದೆ. ಮರುವರ್ಷದ 'ಸಾರ್ಜೆಂಟ್ ಪೆಪ್ಪರ್'ನಲ್ಲಿ ಜಾರ್ಜ್ ಹ್ಯಾರಿಸನ್ ಜೊತೆ ನುಡಿಸಿದ ಭಾರತೀಯ ವಾದಕರ ಹೆಸರುಗಳು ಮೂಲ ಹೊದಿಕೆಯಲ್ಲಿಲ್ಲ. 1968ರ ಜನವರಿಯಲ್ಲಿ ಹ್ಯಾರಿಸನ್ ಮುಂಬಯಿಯ ಸ್ಟುಡಿಯೋದಲ್ಲಿ ಇಲ್ಲಿಯ ವಾದಕರನ್ನೇ ಕೂರಿಸಿಕೊಂಡು 'ದಿ ಇನ್ನರ್ ಲೈಟ್' ಹಾಡಿನ ವಾದ್ಯಭಾಗ ಮುದ್ರಿಸಿಕೊಂಡರು. ಇಂಥ ಹೆಸರುಗಳನ್ನು ದಪ್ಪ ಅಕ್ಷರದಲ್ಲಿ ಹಾಕಿದರೆ ನೂರು ರಿಮಿಕ್ಸಿಗಿಂತ ಮೇಲು.

ಪಾಠಾಂತರದ ರುಚಿ ನೋಡಬೇಕೆನ್ನುವ ಅಧ್ಯಾಪಕ ಮಿತ್ರರು 'ಶೀಸ್ ಲೀವಿಂಗ್ ಹೋಮ್' ಹಾಡಿನ 1967ರ ಸ್ಟೀರಿಯೊ ಮತ್ತು ಮೊನೊ ಎರಡನ್ನೂ ಮಕ್ಕಳಿಗೆ ಒಂದರ ಹಿಂದೆ ಒಂದು ಕೇಳಿಸಿ. ಮೊನೊ ತುಸು ವೇಗ, ಶ್ರುತಿಯೂ ಅರ್ಧ ಸ್ವರ ಮೇಲೆ. 2017ರ ರಿಮಿಕ್ಸ್ ಹಿಡಿದದ್ದು ಈ ಮೊನೊದ ಓಟವನ್ನೇ. ಯಾವುದರಲ್ಲಿ ಮನೆ ಬಿಟ್ಟು ಹೋಗುವ ಹುಡುಗಿಯ ದುಃಖ ಹೆಚ್ಚು ಎಂದು ನಾವು ನಮ್ಮ ತರಗತಿಯಲ್ಲಿ ಕೇಳಿದೆವು. ಕೈ ಎತ್ತಿದವರು ಎರಡು ಕಡೆಗೂ ಸರಿಸಮ. ಹಿಂದಿನ ಬೆಂಚಿನ ಒಬ್ಬ ಮಾತ್ರ ಇನ್ನೊಮ್ಮೆ ಹಾಕಿ ಸಾರ್ ಎಂದ.