ಹಾಯುವ ಎತ್ತು, ಕಡಿದ ತಂತಿ



ಮಳೆಗಾಲದ ಗಾಳಿಗೆ ಕೊಂಬೆ ಮುರಿದು ಕರೆಂಟಿನ ತಂತಿ ಕಡಿದು ಬೀಳುವುದು ನಮ್ಮ ಕಾಸರಗೋಡಿಗೆ ಹೊಸತಲ್ಲ. ಅದನ್ನು ತುಳಿದು ಯಾರಾದರೂ ಸತ್ತರೆ "ಅವರ ಹಣೆಬರಹ" ಎಂದು ಸುಮ್ಮನಾಗುತ್ತೇವೆ. ಕಾನೂನು ಹಾಗೆ ಹೇಳುವುದಿಲ್ಲ.

1997ರ ಆಗಸ್ಟ್ 23ರ ರಾತ್ರಿ ಮಧ್ಯಪ್ರದೇಶದಲ್ಲಿ 37 ವರ್ಷದ ಕಾರ್ಮಿಕನೊಬ್ಬ ಕಾರ್ಖಾನೆಯ ಕೆಲಸ ಮುಗಿಸಿ ಸೈಕಲಿನಲ್ಲಿ ಮನೆಗೆ ಹೊರಟಿದ್ದ. ಮಳೆನೀರು ನಿಂತ ರಸ್ತೆಯಲ್ಲಿ ಬಿದ್ದಿದ್ದ ತಂತಿ ಕಾಣಲಿಲ್ಲ. ಶಾಕ್ ತಗಲಿ ಸತ್ತ. "ಯಾರೋ ಕರೆಂಟು ಕದಿಯಲು ಎಳೆದ ತಂತಿ ಅದು, ನಮ್ಮ ತಪ್ಪಿಲ್ಲ" ಎಂಬುದು ವಿದ್ಯುತ್ ಮಂಡಳಿಯ ವಾದ. 2002ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ಅಪಾಯದ ವಸ್ತುವನ್ನು ಊರಿಗೆ ಹಂಚುವವರೇ ಅದರಿಂದಾದ ಹಾನಿಗೂ ಹೊಣೆ, ಅವರ ನಿರ್ಲಕ್ಷ್ಯವನ್ನು ಸತ್ತವನ ಮನೆಯವರು ರುಜುವಾತು ಮಾಡಬೇಕಾಗಿಲ್ಲ ಎಂದಿತು. ಅದೇ ರಾಜ್ಯದ ರತ್ಲಾಮ್ ಪುರಸಭೆ ಚರಂಡಿ ಕಟ್ಟಲು ಹಣವಿಲ್ಲ ಎಂದಾಗಲೂ 1980ರಲ್ಲಿ ಈ ನ್ಯಾಯಾಲಯ ಆ ನೆಪವನ್ನು ತಳ್ಳಿಹಾಕಿತ್ತು.

ವಿಚಾರ ಬಹಳ ಹಳೆಯದು. ವಿಮೋಚನಾಕಾಂಡದ 21ನೇ ಅಧ್ಯಾಯ ತೆರೆದು ನೋಡಿ. ಎತ್ತು ಹಾದು ಮನುಷ್ಯ ಸತ್ತರೆ ಯಜಮಾನ ತಪ್ಪಿತಸ್ಥನಲ್ಲ. ಆದರೆ ಅದು ಹಾಯುವ ಎತ್ತು ಎಂದು ಮೊದಲೇ ತಿಳಿಸಿದ್ದರೂ ಕಟ್ಟಿಹಾಕದಿದ್ದರೆ ಹೊಣೆ ಅವನದೇ. ಇಂದಿನ ಕಾನೂನು ಇನ್ನೂ ಮುಂದೆ ಹೋಗಿದೆ. ಯಾರೂ ತಿಳಿಸದಿದ್ದರೂ ಸಂಸ್ಥೆಯೇ ಹೊಣೆ. ಹಾಗಾದರೆ ನಾವೇಕೆ ತಿಳಿಸಬೇಕು? ಪರಿಹಾರದ ಹಣ ಸತ್ತವರನ್ನು ಮನೆಗೆ ಕರೆತರುವುದಿಲ್ಲ, ಅದಕ್ಕೆ.

ತಂತಿ ಕಡಿದು ಬಿದ್ದದ್ದು ಕಂಡರೆ ಹತ್ತಿರ ಹೋಗಬೇಡಿ, ಇತರರನ್ನೂ ಬಿಡಬೇಡಿ. 1912ಕ್ಕೆ ಫೋನ್ ಮಾಡಿ. ತಂತಿ ಜೋತುಬಿದ್ದಿದ್ದರೆ, ಕಂಬ ವಾಲಿದ್ದರೆ ಸೆಕ್ಷನ್ ಆಫೀಸಿಗೆ ಬರಹದಲ್ಲಿ ದೂರು ಕೊಟ್ಟು ರಶೀದಿ ಪಡೆಯಿರಿ. ಮಲಯಾಳ ಬರೆಯಲು ಬಾರದೆಂಬ ಅಳುಕು ಬೇಡ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಅಹವಾಲು ಸಲ್ಲಿಸಲು ಸಂವಿಧಾನದ 350ನೇ ವಿಧಿ ಹಕ್ಕು ಕೊಟ್ಟಿದೆ. ಕನ್ನಡದಲ್ಲೇ ಬರೆಯಿರಿ.

ಸಾವು ಸಂಭವಿಸಿದರೆ ಪೊಲೀಸ್ ದೂರು, ಮರಣೋತ್ತರ ಪರೀಕ್ಷೆ ತಪ್ಪಿಸಬೇಡಿ. ದಾಖಲೆಯಿಲ್ಲದೆ ನ್ಯಾಯಾಲಯದಲ್ಲಿ ಕಷ್ಟ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಬಡವರಿಗೆ ಉಚಿತವಾಗಿ ವಕೀಲರನ್ನು ಒದಗಿಸುತ್ತದೆ. ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇದ್ದರೂ ಈ ಸೌಲಭ್ಯವುಂಟು.

ನಮ್ಮ ಕೆಲಸವೂ ಇದೆ. ತೋಟದ ಮರದ ಕೊಂಬೆ ತಂತಿಗೆ ತಾಗುತ್ತಿದ್ದರೆ ಆಫೀಸಿಗೆ ತಿಳಿಸಿ ಕಡಿಸಬೇಕು. ತಂತಿಯ ಬಳಿ ಅಲ್ಯೂಮಿನಿಯಂ ದೋಟಿ ಎತ್ತಬಾರದು. ಮಳೆ ಹಿಡಿಯುವ ಮೊದಲು ಪ್ರತಿ ವಾಳೆಯ ಗುರಿಕಾರರು ಒಂದು ಸಂಜೆ ತಮ್ಮ ವಾಳೆ ಸುತ್ತಿ, ಅಪಾಯದ ಕಂಬಗಳ ಪಟ್ಟಿ ಮಾಡಿ, ನಾಲ್ಕು ಮನೆಯವರ ಸಹಿ ಹಾಕಿಸಿ ಕೊಟ್ಟರೆ ಸಾಕು. ಆಮೇಲೆ "ನಮಗೆ ಗೊತ್ತಿರಲಿಲ್ಲ" ಎಂದು ಯಾರೂ ಹೇಳುವಂತಿಲ್ಲ.